ನನ್ನಪ್ಪಾ ಅಂದದ್ದು ಯಾರಿಗೆ

ಉಳ್ಳಾಗಡ್ಡಿ ಚೀಲ ಹೆಗಲ ಮೇಲೇ ಇತ್ತು. ಅದನ್ನು ಇಳಿಸಬೇಕು ಅನ್ನುವುದು ನನಗೆ ಮರೆತೇ ಹೋಯಿತು.

ಬೇವೂರಿನಿಂದ ನಡೆದುಕೊಂಡು ಹೋಗುವಷ್ಟು ಹತ್ತಿರದ ಸಣ್ಣ ಹಳ್ಳಿ ನಮ್ಮದು. ನಾನು ಮೂರು ಗಾಲಿಯ ಟಂಟಂ ಓಡಿಸುತ್ತೇನೆ. ಮಂದಿಯನ್ನೂ ಹೇರುತ್ತೇನೆ, ಮಾಲನ್ನೂ ಹೇರುತ್ತೇನೆ. ಅವತ್ತು ಯಲಬುರ್ಗಾ ಸಂತೆಯಿಂದ ನಮ್ಮೂರ ಸಾಲಿಯ ಬಿಸಿಯೂಟಕ್ಕೆ ಕಾಯಿಪಲ್ಲೆ ತಂದಿದ್ದೆ. ಅಡುಗೆ ಕೋಣೆಗೂ ಐದನೇ ಕ್ಲಾಸಿಗೂ ನಡುವೆ ಒಂದೇ ಗೋಡೆ, ಅದೂ ಮೇಲೆ ಒಂದು ಮೊಳ ಬಯಲು. ಆ ಕಡೆ ಹುಡುಗರು ಓದಿದ್ದು ಈ ಕಡೆ ಒಲೆಯ ಮುಂದೆ ಸ್ವಚ್ಛ ಕೇಳುತ್ತದೆ. ನನ್ನ ಅಕ್ಕ ದುರಗಮ್ಮ ಅಲ್ಲಿ ಅಡುಗೆಯವಳು. ಸಾರು ತಿರುವುತ್ತಿದ್ದಳು. ಅವಳ ಜೋಡಿ ಕೆಲಸ ಮಾಡುವ ಇಮಾಮಬೀ ಅಕ್ಕಿ ಆರಿಸುತ್ತ ಕುಂತಿದ್ದಳು.

ಗೋಡೆಯ ಆಚೆ ಆಂಜನೇಯ ಸರ್ ಪಾಠ ಒಪ್ಪಿಸಿಕೊಳ್ಳುತ್ತಿದ್ದರು.

"ದುರಗಮ್ಮ ಈ ಹಾಡನ್ನು ಯಾರ ನೆನಪಿನಲ್ಲಿ ಹಾಡಿದರು?"

ಹುಡುಗರೆಲ್ಲ ಒಂದೇ ದನಿಯಲ್ಲಿ ಅಂದರು: "ತಮ್ಮ ತಂದೆಯವರಾದ ಸಿದ್ದಾರ್ಥ ಅವರ ನೆನಪಿನಲ್ಲಿ."

ಸರ್ ಇನ್ನೊಮ್ಮೆ ಜೋರಾಗಿ ಅನ್ನಿ ಅಂದರು. ಹುಡುಗರು ಇನ್ನೊಮ್ಮೆ ಜೋರಾಗಿ ಅಂದರು.

ಅಕ್ಕನ ಕೈ ನಿಂತುಬಿಟ್ಟಿತು. ಸೌಟು ಸಾರಿನೊಳಗೆ, ಕಣ್ಣು ಗೋಡೆಯ ಮೇಲೆ. ಸಾರು ಉಕ್ಕಿ ಒಲೆಗೆ ಸುರಿದು ಚೊರ್ ಅಂದಿತು, ಅವಳಿಗೆ ಅದರ ಖಬರಿಲ್ಲ. ಇಮಾಮಬೀ ಓಡಿಬಂದು ಸಾರಿನ ಗುಂಡಿಯನ್ನು ಒಲೆಯಿಂದ ಇಳಿಸಿ, ನನ್ನ ಮುಖ ನೋಡಿದಳು.

"ಅಣ್ಣಾ, ಇವ್ರು ಯಾರಿಗೆ ಅಪ್ಪ ಅನ್ನಾಕತ್ಯಾರ?"

ನಮ್ಮಪ್ಪ ಕನಕಪ್ಪ, ತಳಕಲ್ಲಿನವನು, ಇನ್ನೊಬ್ಬರ ಕುರಿ ಕಾದು ಸತ್ತವನು. ಸಿದ್ದಾರ್ಥ ನಮ್ಮಪ್ಪ ಅಲ್ಲ. ಸಿದ್ದಾರ್ಥ ಅಕ್ಕನ ಮಗ. ಇದ್ದೊಬ್ಬ ಮಗ. ಒಂಬತ್ತನೇ ವರ್ಷಕ್ಕೆ ಕಾಲುವೆ ಪಾಲಾದವನು. ಆ ಹುಡುಗನಿಗೆ ಈ ಭೂಮಿಯ ಮೇಲೆ ಯಾರೂ ಯಾವತ್ತೂ 'ಅವರು' ಅಂದಿರಲಿಲ್ಲ.

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು, ಉಕ್ಕಿದ ಸಾರಿಗೆ ಇಷ್ಟು ನೀರು ಹಾಕಿ, ಮತ್ತೆ ಒಲೆಗೆ ಏರಿಸಿದಳು. ಹುಡುಗರಿಗೆ ಊಟ ಬಡಿಸಿಯೇ ಮನೆಗೆ ಬಂದಳು. ಆದರೆ ಅವತ್ತು ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಇಷ್ಟು ವರ್ಷದಲ್ಲಿ ಅದೊಂದು ದಿನ.

ಆ ಪಾಠದೊಳಗೆ ದುರಗಮ್ಮ ಹೇಗೆ ಬಂದಳು ಅನ್ನುವುದು ತಿಳಿಯಬೇಕಾದರೆ ಅವಳು ಯಾರು ಅನ್ನುವುದನ್ನು ಮೊದಲು ಹೇಳಬೇಕು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಸಾಲಿಯ ಮುಖ ಕಂಡವಳಲ್ಲ. ತಳಕಲ್ಲಿನಲ್ಲಿ ಹುಟ್ಟಿ, ಮೈನೆರೆದ ವರ್ಷವೇ ಈ ಊರಿಗೆ ಸೊಸೆಯಾಗಿ ಬಂದಳು. ನಾನೂ ಆಮೇಲೆ ಅವಳ ಬೆನ್ನು ಹತ್ತಿ ಇಲ್ಲಿಗೇ ಬಂದು ಉಳಿದೆ. ಅಕ್ಕನ ಗಂಡ, ನನ್ನ ಮಾವ, ಒಳ್ಳೆಯವನೇ, ಆದರೆ ಕೆಮ್ಮಿನ ಮನುಷ್ಯ. ಮಗ ಹುಟ್ಟಿದ ಎರಡು ವರ್ಷಕ್ಕೆ ಅವನು ತೀರಿಕೊಂಡ. ಸಿದ್ದಾರ್ಥ ಅಂತ ಹೆಸರಿಟ್ಟವನು ಮಾವನೇ. ಕೊಪ್ಪಳದಲ್ಲಿ ಒಂದು ಸಭೆಗೆ ಹೋಗಿದ್ದನಂತೆ, ಅಲ್ಲಿ ಕೇಳಿಕೊಂಡು ಬಂದ ಹೆಸರು. ಆ ಹೆಸರು ನಮ್ಮ ಓಣಿಯಲ್ಲಿ ಯಾರ ನಾಲಿಗೆಗೂ ಸರಿಯಾಗಿ ಹೊರಳುತ್ತಿರಲಿಲ್ಲ. ಸಿದ್ದಾ ಅನ್ನುತ್ತಿದ್ದರು, ಸಿದ್ರಾತ ಅನ್ನುತ್ತಿದ್ದರು. ಅಕ್ಕನಂತೂ ಯಪ್ಪಾ ಅಂತಲೇ ಕರೆಯುತ್ತಿದ್ದಳು. ನಮ್ಮ ಕಡೆ ಎಲ್ಲರೂ ಹಾಗೇ. ಮಗನಿಗೆ ಯಪ್ಪಾ, ಮಗಳಿಗೆ ಯವ್ವಾ. ಹಸುಗೂಸು ಅತ್ತರೂ 'ಯಾಕೋ ನನ್ನಪ್ಪಾ' ಅಂತಲೇ ಎತ್ತಿಕೊಳ್ಳುವುದು. ಅದನ್ನು ಯಾರಿಗೂ ಬಿಡಿಸಿ ಹೇಳುವ ಪ್ರಸಂಗ ನಮಗೆ ಬಂದಿರಲಿಲ್ಲ.

ಗಂಡ ಹೋದ ಮೇಲೆ ಅಕ್ಕ ಪ್ರತಿ ವರ್ಷ ಮಳೆಗಾಲಕ್ಕೆ ಸಿದ್ದಾಪುರದ ಕಡೆ ನೆಲ್ಲು ನಾಟಿ ಮಾಡಲು ಹೋಗುತ್ತಿದ್ದಳು. ಇಲ್ಲಿ ನಮ್ಮದು ಒಣ ಭೂಮಿ, ಅಲ್ಲಿ ಕಾಲುವೆ ನೀರು. ಹೆಣ್ಣುಮಕ್ಕಳ ಗುಂಪು ಮಾಡಿಕೊಂಡು ಹೋಗಿ, ಗುಡಿಸಲು ಹಾಕಿಕೊಂಡು, ನಾಟಿ ಮುಗಿಯುವ ತನಕ ಇರುವುದು. ಹುಡುಗನೂ ಜೊತೆಗೆ ಹೋಗುತ್ತಿದ್ದ. ಆ ವರ್ಷ ಅವಳು ಕೆಸರಿನಲ್ಲಿ ಬಗ್ಗಿದ್ದಾಗ ಅವನು ಕಾಲುವೆಯಲ್ಲಿ ಕಾಲು ತೊಳೆಯಲು ಇಳಿದಿದ್ದಾನೆ. ಮೂಡಲ ಕಡೆಯ ತೂಬಿನ ಹತ್ತಿರ ಸಿಕ್ಕ. ನಾನು ಹೋಗಿ ಮುಟ್ಟುವಾಗ ಅಕ್ಕನ ಕೈಯಲ್ಲಿ ನಾಟಿಯ ಸಸಿ ಹಾಗೇ ಇದ್ದವು. ಬಿಡಿಸಿಕೊಳ್ಳಲು ಹೋದರೆ ಬೆರಳು ಬಿಚ್ಚಲಿಲ್ಲ.

ಅವತ್ತು ಅವಳು ಹಾಡಿದಳು. ನಮ್ಮಲ್ಲಿ ಹೆಣ್ಣುಮಕ್ಕಳು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಹೋದ ದಾರಿ, ಬಿಟ್ಟುಹೋದ ಮನೆ, ಎಲ್ಲ ಆ ಅಳುವಿನೊಳಗೇ ಬರಬೇಕು. ಅಕ್ಕನಿಗೆ ಆ ವಿದ್ಯೆ ಮೊದಲಿನಿಂದಲೂ ಇತ್ತು. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲ ಸೊಲ್ಲು ಅವಳದೇ, ಉಳಿದವರು ಹಿಂದೆ. ಆದರೆ ಅವತ್ತು ಅವಳ ಹಿಂದೆ ಯಾರಿಗೂ ದನಿ ಏಳಲಿಲ್ಲ.

ಸಸಿ ಕೈಯಾಗ ಇದ್ದಾಂಗ ಹೋದ್ಯಲ್ಲೋ ನನ್ನಪ್ಪಾ
ಗದ್ದಿ ತುಂಬೂ ಮಟಾ ನಿಲ್ಲಲಿಲ್ಲೋ ನನ್ನಪ್ಪಾ
ಮನಿಗೆ ಕಂಬಾಗಿದ್ದಿ, ಬಿಸಲಿಗೆ ನೆಳ್ಳಾಗಿದ್ದಿ
ಸಿದ್ದಾರ್ಥ ನನ್ನ ದೊರಿಯೇ, ಯಾರಿಗೆ ಒಪ್ಪಿಸಿದ್ಯೋ

ಅವನ ಹೆಸರು ಅಷ್ಟು ಸ್ವಚ್ಛವಾಗಿ ಅವಳ ಬಾಯಲ್ಲಿ ಬಂದದ್ದು ಆಗ. ಆಮೇಲೆ ಮಾತಿನಲ್ಲಿ ಅವಳು ಅವನ ಹೆಸರನ್ನು ಎತ್ತಲೇ ಇಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಿದ್ದಳು. ಆಡಿದರೆ ಮುಗಿದುಹೋಗುತ್ತದೆ ಅನ್ನುವ ಹಾಗೆ. ಸಿದ್ದಾಪುರದ ದಾರಿಯನ್ನೂ ಬಿಟ್ಟಳು. ಸಾಲಿಯಲ್ಲಿ ಅಡುಗೆ ಕೆಲಸ ಸಿಕ್ಕಿತು. ದಿನಾ ಒಂಬತ್ತು ಹತ್ತು ವರ್ಷದ ಹುಡುಗರಿಗೆ ಬಡಿಸುವ ಕೆಲಸ. ಬೇಡ ಅಂತ ನಾನು ಜಗಳ ತೆಗೆದಿದ್ದೆ. ಕೇಳಲಿಲ್ಲ.

ಎರಡು ವರ್ಷದ ಹಿಂದೆ ಶ್ವೇತಾ ಬಂದಳು. ಗಂಗಾವತಿಯ ಹುಡುಗಿ, ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವಳು. ನಮ್ಮ ಜಿಲ್ಲೆಯ ಹಾಡುಗಳನ್ನೆಲ್ಲ ಕೂಡಿಹಾಕಿ ಕಂಪ್ಯೂಟರಿನ ಜಾಲದೊಳಗೆ ಒಂದಕ್ಕೊಂದು ಜೋಡಿಸುವ ಕೆಲಸ ಅಂದಳು. ಬೇವೂರಿನಿಂದ ಅವಳನ್ನು ಕೂರಿಸಿಕೊಂಡು ಬಂದದ್ದು ನನ್ನ ಟಂಟಂ. ದಾರಿಯಲ್ಲಿ ನಾನು ಎಲ್ಲರನ್ನೂ ಕೇಳುವ ಹಾಗೆ ಅವಳನ್ನೂ ಕೇಳಿದೆ, ಯಾವೂರವ್ವಾ, ಯಾರ ಪೈಕಿ ಅಂತ. ಅವಳು ಊರು ಹೇಳಿದಳು, ಓಣಿ ಹೇಳಿದಳು, ನಾನು ಅಲ್ಲಿಯ ಒಬ್ಬನ ಹೆಸರು ಹೇಳಿದೆ, ಅವನು ಅವಳ ಸೋದರಮಾವನ ಗೆಳೆಯ ಆಗಬೇಕಿತ್ತು. ಆಗ ಅವಳು ನಕ್ಕು, ನಮ್ಮ ಜಾಲವೂ ಇದನ್ನೇ ಮಾಡುತ್ತದೆ ಅಂದಳು.

"ಒಬ್ಬೊಬ್ಬರಿಗೂ ಒಂದು ಗಂಟು ಕಾಕಾರ. ಗಂಟಿನಿಂದ ಗಂಟಿಗೆ ದಾರ. ದಾರದ ಮ್ಯಾಲೆ ಒಂದು ಮಾತು. ಹಾಡಿದವರು, ಕಲಿಸಿದವರು, ಊರು, ತಾಯಿ, ಮಗ ಅಂತ. ಆ ಮಾತಿನ ಅರ್ಥ ಯಂತ್ರಕ್ಕೂ ತಿಳಿಯೂ ಹಂಗ ಬರದಿರ್ತೀವಿ. ಯಾರ ಪೈಕಿ ಅಂತ ಅದು ತಾನ ಹುಡುಕ್ಕೊಂತ ಹೋಗ್ತೈತಿ."

ಬೇರೆ ಊರಿನ, ಬೇರೆ ದೇಶದ ಗ್ರಂಥಾಲಯಗಳ ದಾರವೂ ಇದಕ್ಕೆ ಬಂದು ಸೇರುತ್ತದಂತೆ. ಸಾಲಿಯ ಮಾಸ್ತರರು ಪಾಠಕ್ಕೆ ಅದರಿಂದಲೇ ತೆಗೆದುಕೊಳ್ಳಬಹುದಂತೆ. ನನಗೆ ಅರ್ಧ ತಿಳಿಯಿತು. ಅಕ್ಕನಿಗೆ ಅದೂ ತಿಳಿಯಲಿಲ್ಲ ಅಂದುಕೊಂಡಿದ್ದೆ. ಮೊದಲು ಅವಳು ಒಲ್ಲೆ ಅಂದಳು. ಸಾವಿಲ್ಲದ ಮನೆಯಲ್ಲಿ ಆ ಹಾಡು ಹಾಡಬಾರದು. ಶ್ವೇತಾ ಬಲವಂತ ಮಾಡಲಿಲ್ಲ, ಚಹಾ ಕುಡಿದು ಎದ್ದಳು. ಹೊಸ್ತಿಲು ದಾಟುವಾಗ ಅಕ್ಕ ಕೇಳಿದಳು: "ಹಾಡು ಹಾಕಿದ್ರ, ಹಾಡಿನ್ಯಾಗಿನ ಹೆಸರೂ ಇರ್ತೈತೇನು ಯವ್ವಾ?"

ಇರುತ್ತದೆ, ಅವರಿಗೂ ಒಂದು ಗಂಟು ಹಾಕುತ್ತೇವೆ ಅಂದಳು ಶ್ವೇತಾ.

"ನನಗೂ ಅದಕ್ಕೂ ದಾರ?"

"ನಿಮಗೂ ಅದಕ್ಕೂ ದಾರ."

ಹಾಗಾಗಿ ಹಾಡಿದಳು. ಮನೆಯಲ್ಲಲ್ಲ. ಊರ ಸೀಮೆ ದಾಟಿ, ಒಂದು ಬೇವಿನ ಮರದ ಕೆಳಗೆ ನನ್ನ ಟಂಟಂ ನಿಲ್ಲಿಸಿ, ಅದರೊಳಗೆ ಕುಂತು. ಇಂಜಿನ್ ಆರಿಸಿದ್ದೆ. ನಾನು ದೂರ ಹೋಗಿ ಬೆನ್ನು ಮಾಡಿ ನಿಂತಿದ್ದೆ, ಕಿವಿಗೆ ಬಿದ್ದದ್ದು ಬಿತ್ತು. ಆ ಹುಡುಗನದು ಒಂದು ಫೋಟೋ ಸಹ ಮನೆಯಲ್ಲಿಲ್ಲ. ಎಲ್ಲೋ ಒಂದು ಕಡೆ ದುರಗಮ್ಮನ ಮಗ ಸಿದ್ದಾರ್ಥ ಅಂತ ಇರಲಿ ಅನ್ನುವುದಷ್ಟೇ ಅವಳ ಆಸೆ. ಅದಕ್ಕಾಗಿ ಅವಳು ಸೀಮೆಯಾಚೆ ಕುಂತು ಮತ್ತೊಮ್ಮೆ ಅತ್ತಳು.

ಆ ಆಸೆಗೆ ಸಿಕ್ಕ ಫಲ, ಗೋಡೆಯಾಚೆ ಹುಡುಗರು ಕೂಗಿದ್ದು.

ಅವತ್ತು ಸಂಜೆಯೇ ನಾನು ಆಂಜನೇಯ ಸರ್ ಮನೆಯ ಬಾಗಿಲಲ್ಲಿದ್ದೆ. ಸಾಲಿ ಬಾಗಿಲಿಗೆ ಕೀಲಿ ಹಾಕಿಸುತ್ತೇನೆ ಅಂದೆ, ಇನ್ನೂ ಏನೇನೋ ಅಂದೆ. ಸರ್ ಹೆದರಿದರು, ಆಮೇಲೆ ತಬ್ಬಿಬ್ಬಾದರು. ಅವರು ಈ ಊರಿಗೆ ಬಂದು ಮೂರು ವರ್ಷ, ಹುಡುಗನ ಸಂಗತಿ ಅವರಿಗೆ ಗೊತ್ತಿಲ್ಲ. ನಮ್ಮ ಸಾಲಿಯ ದುರಗಮ್ಮನೇ ಪಾಠದಲ್ಲಿ ಬಂದಾಳ ಅಂತ ಹೆಮ್ಮೆಯಿಂದ ಕಲಿಸಿದ್ದರಂತೆ. ಅವಳಿಗೆ ಖುಷಿ ಆಗಲಿ ಅಂತಲೇ ಗೋಡೆಯ ಹತ್ತಿರ ನಿಂತು ಜೋರಾಗಿ ಹೇಳಿಸಿದ್ದರಂತೆ. ಇದಕ್ಕೆ ಏನನ್ನಬೇಕು.

ಲ್ಯಾಪ್‌ಟಾಪ್ ತೆರೆದು ತೋರಿಸಿದರು. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವನು, ಆದರೂ ಕನ್ನಡ ಓದುತ್ತೇನೆ. ನಡುವೆ ಒಂದು ದುಂಡನೆಯ ಚುಕ್ಕೆ, ದುರಗಮ್ಮ. ಅದರಿಂದ ಒಂದು ಗೆರೆ, ಗೆರೆಯ ಮೇಲೆ 'ತಂದೆ', ತುದಿಗೆ ಸಿದ್ದಾರ್ಥ. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕಡೆ ಇನ್ನೊಂದು ಚುಕ್ಕೆ ಇತ್ತು. ಹುಚ್ಚೀರಪ್ಪ. ಅದು ನಾನು. ಅವತ್ತು ಕರೆದುಕೊಂಡು ಹೋದವನು ಯಾರು ಅಂದಾಗ ತಮ್ಮ ಅಂತ ಅಕ್ಕ ಹೇಳಿದ್ದಳು, ಅದನ್ನೂ ಬರೆದುಕೊಂಡಿದ್ದರು. ನನ್ನ ಚುಕ್ಕೆಯಿಂದಲೂ ಒಂದು ಗೆರೆ ಹೊರಟು ಸಿದ್ದಾರ್ಥನಿಗೆ ಹೋಗಿತ್ತು. ತಂದೆ.

"ಇದನ್ಯಾರು ಬರದ್ರು?"

"ಯಾರೂ ಬರದಿಲ್ಲ ಹುಚ್ಚೀರಪ್ಪ," ಅಂದರು ಸರ್, ಸಣ್ಣ ದನಿಯಲ್ಲಿ. "ನೀ ಆಕಿ ತಮ್ಮ ಅಂದ್ರ ಆಕಿ ತಂದೀನ ನಿನಗೂ ತಂದಿ ಅಂತ ಯಂತ್ರ ತಾನ ಲೆಕ್ಕಾ ಹಾಕೇತಿ."

ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದ ಅಳಿಯ ನನಗೆ ಅಪ್ಪನಾಗಿದ್ದ. ನಮ್ಮಪ್ಪ ಕನಕಪ್ಪ ಎಲ್ಲಿಯೂ ಇರಲಿಲ್ಲ. ಸರ್ ಸಿದ್ದಾರ್ಥನ ಚುಕ್ಕೆ ಒತ್ತಿದರು. ಹುಟ್ಟಿದ್ದು ಅನ್ನುವ ಕಡೆ, '1956ಕ್ಕಿಂತ ಮೊದಲು ಇರಬೇಕು' ಅಂತ ಇತ್ತು. ಅಕ್ಕನ ವಯಸ್ಸು ನೋಡಿ, ಅವಳಿಗೆ ತಂದೆಯಾಗಬೇಕಾದರೆ ಇಷ್ಟಾದರೂ ಆಗಿರಬೇಕು ಅಂತ ಅದು ತಾನೇ ಎಣಿಸಿತ್ತು. ನಮ್ಮ ಹುಡುಗನನ್ನು ಮುದುಕನನ್ನಾಗಿ ಮಾಡಿಟ್ಟಿದ್ದರು. ಒಂಬತ್ತು ವರ್ಷದ ಹುಡುಗ ಎಲ್ಲಿಯೂ ಉಳಿದಿರಲಿಲ್ಲ. ಕಾಲುವೆಯಾದರೂ ಅವನನ್ನು ಹುಡುಗನಾಗಿಯೇ ಹೊಳ್ಳಿ ಕೊಟ್ಟಿತ್ತು.

ಶ್ವೇತಾಳಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. ನಾನು ಬೈದದ್ದನ್ನೆಲ್ಲ ಬರೆಯುವುದು ಚಂದ ಅಲ್ಲ. ಅವಳು ಮೊದಲು ಏನೂ ತಿಳಿಯದೆ ಇದ್ದಳು. ತಿಳಿದ ಮೇಲೆ, ನಾನೇ ಬರುತ್ತೇನೆ ಅಂದಳು. ಆ ರವಿವಾರ ಮೊದಲ ಬಸ್ಸಿಗೇ ಬಂದಳು.

ಹೇಗಾಯಿತು ಅಂತ ಅವಳು ಹೇಳಿದ್ದು ಇಷ್ಟು. ಸಾವಿರಗಟ್ಟಲೆ ಹಾಡು ಆದವು, ಕೂತು ಕೇಳಿ ಯಾರಿಗೆ ಯಾರು ಏನಾಗಬೇಕು ಅಂತ ಗುರುತು ಹಾಕಲು ಬೇರೆ ಬೇರೆ ಜಿಲ್ಲೆಯ ಹುಡುಗ ಹುಡುಗಿಯರಿಗೆ ಹಂಚಿದರು. ಅಕ್ಕನ ಹಾಡು ಮೈಸೂರು ಕಡೆಯ ಒಬ್ಬ ಹುಡುಗಿಯ ಪಾಲಿಗೆ ಬಂತು. ನನ್ನಪ್ಪಾ ಅಂದಿದೆ, ಮನೆಗೆ ಕಂಬ ಅಂದಿದೆ, ಬಿಸಿಲಿಗೆ ನೆರಳು ಅಂದಿದೆ, ದೊರೆ ಅಂದಿದೆ. ತಂದೆ ಅಂತ ಬರೆದಳು. ಅವರ ಕಡೆ ಅದು ತಂದೆಯೇ. ಶ್ವೇತಾ ಮತ್ತೆ ನೋಡಬೇಕಿತ್ತು, ನೋಡಲಿಲ್ಲ. ಒಂದು ದಾರ ತಪ್ಪು ಬಿದ್ದದ್ದಕ್ಕೆ ಯಂತ್ರ ಉಳಿದ ದಾರವನ್ನೆಲ್ಲ ಆ ತಪ್ಪಿಗೇ ಹೊಂದಿಸಿಕೊಂಡು ಹೆಣೆಯಿತು. ಪಾಠ ಬರೆದವರು ಅದನ್ನು ನಂಬಿದರು.

"ಅವತ್ತು ನಮ್ಮಕ್ಕ ನಿನಗ ಯವ್ವಾ ಅಂದ್ಲು," ಅಂದೆ ನಾನು. "ಆಕಿಗೆ ನೀ ತಾಯಿ ಅಂತ ಬರಕೊಂಡ್ಯೋ ಹ್ಯಾಂಗ?"

ಅವಳು ತಲೆ ತಗ್ಗಿಸಿದಳು. ಅವಳ ಕಣ್ಣಲ್ಲಿ ನೀರು ಬಂತು, ನನಗೆ ಇನ್ನೂ ಸಿಟ್ಟು ಬಂತು. ಅಕ್ಕ ನಡುವೆ ಬಂದು ಕುಂತಳು.

ಈಗಲೇ ಸರಿಮಾಡುತ್ತೇನೆ, ನೀವು ಇವನು ನನ್ನ ಮಗ ಅಂತ ಒಂದು ಮಾತು ಹೇಳಿದರೆ ಅದನ್ನೇ ಆಧಾರ ಅಂತ ಇಟ್ಟು ದಾರ ಬದಲಿಸುತ್ತೇನೆ ಅಂದಳು ಶ್ವೇತಾ. ಫೋನನ್ನು ಅಕ್ಕನ ಮುಂದೆ ಇಟ್ಟಳು.

ಅಕ್ಕ ಫೋನ್ ನೋಡಲಿಲ್ಲ. ನನ್ನನ್ನು ಕೇಳಿದಳು.

"ಹುಚ್ಚೀರಾ, ಅದರಾಗ ಅವನಿಗೆ ಎಷ್ಟು ವಯಸ್ಸು ಹಾಕ್ಯಾರ?"

ಆ ಮಾತು ಯಾಕೆ ಅಂತ ನನಗೆ ತಿಳಿಯಲಿಲ್ಲ. ಅರವತ್ತೆಂಟು ದಾಟಿಸ್ಯಾರ, ಗೇಣು ಬುದ್ಧಿ ಇಲ್ಲದವರು ಅಂದೆ.

"ಅರವತ್ತೆಂಟು ವರ್ಸ ಬದುಕ್ಯಾನೇನು ಅಲ್ಲಿ?"

ಅವಳು ಶ್ವೇತಾಳ ಕಡೆ ತಿರುಗಿ, "ಸ್ವಲ್ಪ ದಿನ ಹಂಗ ಇರ್ಲಿ ಬಿಡವ್ವ" ಅಂದು, ಒಳಗೆ ಹೋಗಿ ರೊಟ್ಟಿ ಬಡಿಯಲು ಕುಂತಳು.

ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ಮಗನ ಹೆಸರು ಉಳಿಯಲಿ ಅಂತ ಸೀಮೆ ದಾಟಿ ಹೋಗಿ ಹಾಡಿದವಳು, ಈಗ ಮಗ ಅಲ್ಲ ಅಂತ ಬರೆದದ್ದನ್ನು ಹಾಗೇ ಇರಲಿ ಅನ್ನುತ್ತಾಳೆ. ಶ್ವೇತಾಳನ್ನು ಬಸ್ಸಿಗೆ ಬಿಟ್ಟುಬಂದು ಅಕ್ಕನ ಮೇಲೆ ಹಾರಾಡಿದೆ. ನಮ್ಮಪ್ಪನ ಜಾಗದಲ್ಲಿ ನಿನ್ನ ಮಗ ಕುಂತಾನ, ನನಗೆ ಅಪ್ಪನಾಗ್ಯಾನ, ಊರ ಮಂದಿ ನನ್ನ ಟಂಟಂ ಹತ್ತಿ ನಿಮ್ಮಪ್ಪ ಹ್ಯಾಂಗದಾನೋ ಅಂತ ನಗತಾರ ಅಂದೆ. ಅದು ಸುಳ್ಳಲ್ಲ, ಇಬ್ಬರು ಅಂದಿದ್ದರು, ಒಬ್ಬನನ್ನು ನಡುದಾರಿಯಲ್ಲಿ ಇಳಿಸಿ ಬಂದಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಅಂದಳು, "ನನ್ನ ಕಣ್ಣಾಗ ಅವ ಬೆಳಿಯಾಂಗಿಲ್ಲೋ ಹುಚ್ಚೀರಾ. ಅಲ್ಲ್ಯಾದ್ರೂ ಬೆಳದಾನ."

ಅದಾದ ಮೇಲೆ ನಾನು ಬಾಯಿ ಮುಚ್ಚಿಕೊಂಡೆ. ಆದರೆ ಒಪ್ಪಿದ್ದಿಲ್ಲ.

ಆಂಜನೇಯ ಸರ್ ಆ ಪ್ರಶ್ನೆಯನ್ನು ಕೇಳುವುದು ಬಿಟ್ಟಿದ್ದರು. ಹುಡುಗರು ಬಿಟ್ಟಿರಲಿಲ್ಲ. ಒಮ್ಮೆ ಕಲಿತದ್ದು ಅವರ ಬಾಯಿಂದ ಹೋಗುವುದಿಲ್ಲ. ತಾಟು ಹಿಡಿದು ಸಾಲು ನಿಂತಾಗಲೂ ಅದನ್ನೇ ಹಾಡಿಕೊಳ್ಳುತ್ತಿದ್ದವು. ಒಂದು ದಿನ ಏನಾಯಿತು ಅನ್ನುವುದನ್ನು ಇಮಾಮಬೀ ನನಗೆ ಹೇಳಿದಳು. ಸಾಲಿನಲ್ಲಿದ್ದ ಒಂದು ಹುಡುಗಿ ಅಕ್ಕನ ಮುಂದೆ ಬಂದಾಗ ಕೇಳಿತಂತೆ, "ಆಯೀ, ನಿಮ್ಮಪ್ಪ ಸಿದ್ದಾರ್ಥ ಅವರು ಹ್ಯಾಂಗಿದ್ರು? ಮೀಸಿ ಇದ್ವನು?"

ಸುತ್ತಲಿನವು ನಕ್ಕವು. ಅಕ್ಕನ ಕೈ ಅನ್ನದ ಮೇಲೆ ನಿಂತಿತು. ಮೀಸಿ ಅನ್ನುವ ಮಾತಿಗೆ ಅವಳು ಕಣ್ಣು ಮುಚ್ಚಿಕೊಂಡಳಂತೆ, ಆ ಮುಖಕ್ಕೆ ಮೀಸೆ ಹಚ್ಚಿ ನೋಡುವವಳ ಹಾಗೆ. ಹಚ್ಚಲು ಆಗಲಿಲ್ಲ ಅಂತ ಕಾಣುತ್ತದೆ. ಕಣ್ಣು ತೆರೆದು ಅಂದಳು:

"ಇಲ್ಲವ್ವ. ನಿನ್ನಷ್ಟ ಇದ್ದ. ಹಾಲಿನ ಹಲ್ಲು ಎರಡು ಬಿದ್ದಿದ್ದಿಲ್ಲ ಇನ್ನಾ. ಸಿದ್ದಾರ್ಥ ನನ್ನ ಮಗಾ."

ಹುಡುಗಿ ಬಾಯಿ ತೆರೆದುಕೊಂಡು ನಿಂತುಬಿಟ್ಟಿತು. ಇಮಾಮಬೀ ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕುಂತವಳು, ಆ ಹೆಸರು ಅಕ್ಕನ ಮಾತಿನಲ್ಲಿ ಕೇಳಿದ್ದು ಅದೇ ಮೊದಲು. "ಅಣ್ಣಾ, ನನ್ನ ಮೈಯೆಲ್ಲ ಝುಮ್ ಅಂತು" ಅಂದಳು. ಅಕ್ಕ ಮಾತ್ರ ಹುಡುಗಿಯ ತಾಟಿಗೆ ಇನ್ನೊಂದು ಸೌಟು ಅನ್ನ ಹಾಕಿ ಮುಂದಿನವರನ್ನು ಕರೆದಳಂತೆ.

ಅವತ್ತು ಮನೆಗೆ ಬಂದವಳೇ ಆ ಗಂಗಾವತಿ ಹುಡುಗೀನ್ನ ಕರಿ ಅಂದಳು.

ಶ್ವೇತಾ ಬಂದಳು. ಅಕ್ಕ ಮನೆಯಲ್ಲಿ ಕೂರಲು ಒಪ್ಪಲಿಲ್ಲ, ಬೇವಿನ ಗಿಡಕ್ಕೇ ಹೋಗೋಣ ಅಂದಳು. ಹಾಡಿದಲ್ಲೇ ಹೇಳಬೇಕಂತೆ. ಟಂಟಂ ನಿಲ್ಲಿಸಿದೆ, ಇಂಜಿನ್ ಆರಿಸಿದೆ. ಈ ಸಲ ನಾನು ದೂರ ಹೋಗಲಿಲ್ಲ, ಮುಂದಿನ ಸೀಟಿನಲ್ಲೇ ಕುಂತೆ. ಶ್ವೇತಾ ಫೋನ್ ಹಿಡಿದಳು.

"ಸಿದ್ದಾರ್ಥ ನನ್ನ ಮಗ. ನಾ ಅವನ ಅವ್ವ. ನನ್ನಪ್ಪಾ ಅಂದದ್ದು ಅವನಿಗೇ," ಅಂದಳು ಅಕ್ಕ. ಹುಟ್ಟಿದ ವರ್ಷ ಕೇಳಿದ್ದಕ್ಕೆ ಹೇಳಿದಳು, ಎರಡು ಸಾವಿರದ ಎರಡು, ಜೋಳ ಕೊಯ್ಯುವ ಕಾಲ.

ಶ್ವೇತಾ ಸ್ವಲ್ಪ ತಡೆದು, ತೀರಿಕೊಂಡದ್ದು ಅಂತ ಮೆಲ್ಲಗೆ ಅಂದಳು.

"ಅದನ್ನ ಹೇಳಾಂಗಿಲ್ಲ."

ನಾನು ಹಿಂದೆ ತಿರುಗಿದೆ. ಅಲ್ಲ ಯಕ್ಕಾ, ಅದೊಂದನ್ನು ಬಿಟ್ಟರೆ ಮತ್ತೆ ತಪ್ಪೇ ಆಗುತ್ತದೆ, ಸುಳ್ಳು ಬರೆಸಿದಂತೆ ಆಗುತ್ತದೆ ಅಂದೆ. ಅವಳು ನನ್ನನ್ನು ನೋಡಲಿಲ್ಲ, ಶ್ವೇತಾಳನ್ನೇ ನೋಡಿದಳು.

"ಹಾಡಿನ್ಯಾಗ ಹೇಳೀನಿ. ಮಾತಿನ್ಯಾಗ ಹೇಳಾಂಗಿಲ್ಲ. ಆ ಜಾಗಾ ಖಾಲಿ ಬಿಡಾಕ ಬರ್ತೈತಿಲ್ಲ?"

ನಾನು ಅಂದುಕೊಂಡಿದ್ದೆ, ಯಂತ್ರ ಒಪ್ಪುವುದಿಲ್ಲ ಅಂತ. ಕೊಪ್ಪಳದ ಯಾವ ಕಚೇರಿಯಲ್ಲಿ ಒಂದು ಜಾಗ ಖಾಲಿ ಬಿಟ್ಟರೂ ಮುಖದ ಮೇಲೆ ಬಿಸಾಕುತ್ತಾರೆ. ಆದರೆ ಶ್ವೇತಾ ತಲೆ ಆಡಿಸಿದಳು.

"ಬರ್ತೈತ್ರಿ ಅಮ್ಮಾರ. ಈ ಜಾಲದಾಗ ಹೇಳದ ಇದ್ದದ್ದು ಸುಳ್ಳಲ್ಲ. ಇನ್ನಾ ಗೊತ್ತಿಲ್ಲ ಅಂತ ಅರ್ಥ ಅಷ್ಟ."

"ಗೊತ್ತಿಲ್ಲ ಅಂತ?"

"ಹೂನ್ರಿ. ಹೇಳಲಿಲ್ಲ ಅಂತ ಅದು ತಾನ ಏನೂ ತುಂಬಾಂಗಿಲ್ಲ."

ನಾನು ಬಿಡಲಿಲ್ಲ, ಅಳುವ ಹಾಡು ಅಂದ ಮೇಲೆ ಸತ್ತವರ ಹಾಡೇ ಅಂತ ಯಂತ್ರ ಎಣಿಸುತ್ತದಲ್ಲ ಅಂದೆ. ಎಣಿಸುವುದಿಲ್ಲ ಅಂದಳು ಶ್ವೇತಾ. ಮದುವೆಯಾದ ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ನಮ್ಮ ಹೆಣ್ಣುಮಕ್ಕಳು ಹಾಗೇ ಹಾಡಿಕೊಂಡು ಅಳುತ್ತಾರೆ. ಅಂಥ ಹಾಡು ಬಹಳ ಸಿಕ್ಕ ಮೇಲೆ ಆ ನಿಯಮವನ್ನೇ ತೆಗೆದುಹಾಕಿದ್ದರಂತೆ. ಅಳು ಅಂದರೆ ಸಾವೇ ಅಂತ ಇಲ್ಲ.

ಅಕ್ಕ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಅಳುತ್ತಾಳೇನೋ ಅಂದುಕೊಂಡೆ, ಅಳಲಿಲ್ಲ.

ಶ್ವೇತಾ ಲ್ಯಾಪ್‌ಟಾಪ್ ತೆರೆದು ನಮ್ಮ ಕಣ್ಣ ಮುಂದೆಯೇ ಗೆರೆ ಬದಲಿಸಿದಳು. ಇನ್ನೊಂದು ಮಾತನ್ನೂ ಮುಚ್ಚದೆ ಹೇಳಿದಳು. ನಮ್ಮ ಗಂಟಿಗೆ ದಾರ ಕಟ್ಟಿಕೊಂಡವರಿಗೆಲ್ಲ ಇದು ಸರಿಯಾಗಿಯೇ ಕಾಣುತ್ತದೆ, ಪಾಠವನ್ನೂ ತಿದ್ದಿಸುತ್ತೇನೆ. ಆದರೆ ದಾರ ಕಟ್ಟದೆ ನಕಲು ಮಾಡಿಕೊಂಡು ಹೋದವರು ಕೆಲವರಿದ್ದಾರೆ, ಅವರ ಹತ್ತಿರ ಹಳೆಯದೇ ಉಳಿಯಬಹುದು, ಅವರೆಲ್ಲ ಎಲ್ಲೆಲ್ಲಿದ್ದಾರೋ ನನಗೆ ತಿಳಿಯದು. ನನಗೆ ಮತ್ತೆ ತಲೆಗೆ ಏರಿತು. ಅಂದರೆ ಎಲ್ಲೋ ಒಂದು ದೇಶದಲ್ಲಿ ನಮ್ಮ ಹುಡುಗ ಮುದುಕನಾಗಿಯೇ ಇರುತ್ತಾನೇನು ಅಂತ ಕೇಳಿದೆ.

ಅಕ್ಕ ನನ್ನ ಹೆಗಲ ಮೇಲೆ ಕೈ ಇಟ್ಟಳು. "ಇರ್ಲಿ ಬಿಡೋ. ಒಂದು ಕಡಿಗಾದ್ರೂ ಮುದುಕ ಆಗ್ಲಿ."

ಆ ಕೈ ತೆಗೆದ ಮೇಲೂ ಭಾರ ಹಾಗೇ ಇತ್ತು. ಅಷ್ಟರಲ್ಲಿ ಶ್ವೇತಾ ಕಾಕಾರ ಇಲ್ಲಿ ನೋಡ್ರಿ ಅಂದಳು. ನನ್ನ ಚುಕ್ಕೆಯಿಂದ ಸಿದ್ದಾರ್ಥನಿಗೆ ಹೋಗಿದ್ದ ಗೆರೆ ತಾನಾಗಿಯೇ ಅಳಿಸಿಹೋಗಿತ್ತು. ಅದರ ಬದಲಿಗೆ ಅವನಿಂದ ನನ್ನ ಕಡೆಗೆ ಇನ್ನೊಂದು ಗೆರೆ ಮೂಡಿತ್ತು. ಅದರ ಮೇಲೆ 'ಸೋದರಮಾವ' ಅಂತ ಇತ್ತು. ಯಾರೂ ಬರೆದಿರಲಿಲ್ಲ. ತಾಯಿಯ ತಮ್ಮ ಅಂದರೆ ಸೋದರಮಾವ ಅಂತ ಅದಕ್ಕೆ ತಿಳಿದಿತ್ತು. ಹದಿಮೂರು ವರ್ಷ ಆಗಿತ್ತು, ನನ್ನನ್ನು ಯಾರಾದರೂ ಹಾಗೆ ಅಂದು. ಸಿಟ್ಟು ಎಲ್ಲಿ ಹೋಯಿತೋ. ಟಂಟಂನ ಹ್ಯಾಂಡಲ್ ಹಿಡಿದುಕೊಂಡು ಕುಂತೆ.

ಅದರ ಮುಂದಿನ ವಾರ ಕಾಯಿಪಲ್ಲೆ ಇಳಿಸಲು ಸಾಲಿಗೆ ಹೋದಾಗ ಗೋಡೆಯಾಚೆ ಪಾಠ ನಡೆದಿತ್ತು. ಈ ಸಲ ಆಂಜನೇಯ ಸರ್ ಮೊದಲು ಅಡುಗೆ ಕೋಣೆಗೆ ಬಂದು ಅಕ್ಕನನ್ನು ಕೇಳಿಕೊಂಡು ಹೋದರು, ಹೇಳಿಸಲೇ ಬೇಡವೇ ಅಂತ. ಹೇಳಸ್ರಿ ಅಂದಳು. ಹುಡುಗರು ಅಂದರು: "ತಮ್ಮ ಮಗನಾದ ಸಿದ್ದಾರ್ಥನ ನೆನಪಿನಲ್ಲಿ."

'ಅವರ' ಇರಲಿಲ್ಲ. ಅಕ್ಕನ ಸೌಟು ನಿಲ್ಲಲಿಲ್ಲ. ಸಾರಿನ ರುಚಿ ನೋಡಿ ಇನ್ನಷ್ಟು ಉಪ್ಪು ಹಾಕಿದಳು.

ಮನೆಗೆ ಹೋಗುವಾಗ ಟಂಟಂನಲ್ಲಿ ಹಿಂದೆ ಕುಂತಿದ್ದಳು. ಬೇರೆ ಗಿರಾಕಿ ಇರಲಿಲ್ಲ. ಹಳ್ಳದ ಹತ್ತಿರ ಬಂದಾಗ ಕೇಳಿದಳು, ಈಗ ಅದರಾಗ ಅವನಿಗೆ ಎಷ್ಟು ವಯಸ್ಸು ಬಂದೈತಿ ಅಂತ. ಹುಟ್ಟಿದ ವರ್ಷ ಇದೆ, ಇನ್ನೊಂದು ವರ್ಷ ಇಲ್ಲ. ನಾನು ಮನಸ್ಸಿನಲ್ಲೇ ಕಳೆದು ಕೂಡಿಸಿ ಇಪ್ಪತ್ತೆರಡು ಅಂದೆ.

"ಇಪ್ಪತ್ತೆರಡು," ಅಂದಳು. ಹಳ್ಳ ದಾಟಿದ ಮೇಲೆ ಕೇಳಿದಳು, "ನಿನ್ನ ಮಗಳು ರೇಣುಕಾನ್ನ ಕೊಡ್ತಿದ್ದಿಲ್ಲೋ ಮಾವಾ? ಇಲ್ಲಾ ನೌಕರಿ ಇದ್ದಾಂವ ಬೇಕು ಅಂತಿದ್ಯೋ?"

ಅವಳು ನನಗೆ ಮಾವಾ ಅಂದದ್ದು ಮಗನ ಬಾಯಿಂದ ಅಂದ ಹಾಗೆ. ಹಿಂದೆ ತಿರುಗಿ ನೋಡುವ ಧೈರ್ಯ ನನಗೆ ಆಗಲಿಲ್ಲ. ಕನ್ನಡಿಯಲ್ಲಿ ಅವಳ ಮುಖ ಅರ್ಧ ಕಾಣುತ್ತಿತ್ತು. ನಗುತ್ತಿದ್ದಳು.

"ಕೇಳಿದ್ರ ಕೊಡ್ತಿದ್ದೆ," ಅಂದೆ.

"ನಾ ಬಿಡ್ತಿದ್ನೇನು ಕೇಳದ," ಅಂದಳು ಅಕ್ಕ.